ಟೀ ಶರ್ಟ್ ಸಾಕು, ರೇಸು ಕೊಡಿ

ಹೈದರಾಬಾದಿನ ಹೊರವರ್ತುಲ ರಸ್ತೆಯ ಪಕ್ಕದಲ್ಲಿ ಸೈಕಲ್ಲಿಗೆಂದೇ ಕಟ್ಟಿದ ದಾರಿಯೊಂದಿದೆ. ಉದ್ದ 23 ಕಿಲೋಮೀಟರ್, ಅಗಲ ನಾಲ್ಕೂವರೆ ಮೀಟರ್, ತಲೆಯ ಮೇಲೆ ಸೌರಫಲಕಗಳ ಚಾವಣಿ. 2023ರ ಅಕ್ಟೋಬರ್ 1ರಂದು ಉದ್ಘಾಟನೆಯಾಯಿತು. ಬಿಸಿಲಿಲ್ಲ, ಮಳೆಯಿಲ್ಲ, ಲಾರಿಯಿಲ್ಲ. ಮೇಲಿನ ಫಲಕಗಳಿಂದ 16 ಮೆಗಾವಾಟ್ ವಿದ್ಯುತ್ತು ಬೇರೆ. ಅದರ ಒಂದು ಕವಲು ನಾನಕ್‌ರಾಮ್‌ಗುಡದಿಂದ ಹೊರಟು ಎಂಟೂವರೆ ಕಿಲೋಮೀಟರ್ ಸಾಗಿ ಪೊಲೀಸ್ ಅಕಾಡೆಮಿಯ ಜಂಕ್ಷನ್ನಿನಲ್ಲಿ ಮುಗಿಯುತ್ತದೆ. ಅದು ಮುಗಿಯುವ ಜಾಗದಿಂದ ಪಶ್ಚಿಮಕ್ಕೆ ಇನ್ನೊಂದು ರಸ್ತೆ ಹೊರಡುತ್ತದೆ. ಸರ್ಕಾರಿ ಲೆಕ್ಕದಲ್ಲಿ ಅದು ರಾಷ್ಟ್ರೀಯ ಹೆದ್ದಾರಿ 163. ಇಲ್ಲಿನ ಜನರ ಬಾಯಲ್ಲಿ ಬಿಜಾಪುರ ರೋಡು.

ಬಿಜಾಪುರ ಅಂದರೆ ನಮ್ಮ ವಿಜಯಪುರ. ಕರ್ನಾಟಕದಲ್ಲಿ ಸೈಕಲ್ ರೇಸಿನ ತವರು ಯಾವುದು ಎಂದು ಯಾವ ಕೋಚ್‌ನನ್ನು ಕೇಳಿದರೂ ವಿಜಯಪುರ, ಬಾಗಲಕೋಟೆ, ಜಮಖಂಡಿ ಎಂಬ ಹೆಸರುಗಳೇ ಮೊದಲು ಬರುತ್ತವೆ. ಹೈದರಾಬಾದಿನ ಚಾವಣಿಯಡಿಯ ಸವಾರನಿಗೂ ವಿಜಯಪುರದ ಕ್ರೀಡಾನಿಲಯದ ಹುಡುಗನಿಗೂ ನಡುವೆ ಇರುವುದು ಈ ಒಂದು ರಸ್ತೆ. ಇವರಿಬ್ಬರೂ ಆ ರಸ್ತೆಯ ಮೇಲೆ ಒಂದೇ ಗೆರೆಯಿಂದ ಹೊರಡುವ ದಿನ ವರ್ಷದ 365ರಲ್ಲಿ ಒಂದೂ ಇಲ್ಲ.

ನನ್ನ ತಕರಾರು ಇಷ್ಟೇ. ಊರಿನ ಹೆಸರು ಹೊತ್ತ, ರಸ್ತೆ ಮುಚ್ಚಿ ನಡೆಸುವ, ಪ್ರತಿ ವರ್ಷ ಅದೇ ಭಾನುವಾರಕ್ಕೆ ಬರುವ, ಫೆಡರೇಷನ್ನಿನ ಲೈಸೆನ್ಸ್ ಇದ್ದವರಿಗೂ ಇಲ್ಲದವರಿಗೂ ಬಾಗಿಲು ತೆರೆದಿರುವ ಒಂದು ರಸ್ತೆ ರೇಸು ಹೈದರಾಬಾದಿಗೆ ಬೇಕು. ರಾಜ್ಯ ತಂಡದ ಆಯ್ಕೆಗೆಂದು ನಡೆಯುವ ಸ್ಪರ್ಧೆಗಳಿವೆ, ಗೊತ್ತು. ಕ್ಲಬ್ಬಿನವರು ಬೆಳಗಿನ ಜಾವ ಎದ್ದು ತಮ್ಮತಮ್ಮಲ್ಲೇ ಪೈಪೋಟಿ ಇಟ್ಟುಕೊಳ್ಳುವುದೂ ಗೊತ್ತು. ನಾನು ಕೇಳುತ್ತಿರುವುದು ಅದನ್ನಲ್ಲ. ಇದನ್ನು ಕೊಡಬಲ್ಲವರು ನಮಗೆ ಕೊಡುತ್ತಿರುವುದು ಸೈಕ್ಲೋಥಾನ್. ಆ ಸೈಕ್ಲೋಥಾನಿನ ಮೇಲೆ ನನಗೆ ಕೋಪವಿದೆ.

ಸೈಕ್ಲೋಥಾನ್ ನೋಡಿರದವರಿಗೆ ಒಂದು ಮಾತು. ಬೆಳಗ್ಗೆ ಐದೂವರೆಗೆ ಡಿಜೆ ಶುರುವಾಗುತ್ತದೆ. ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು, ಎದೆಯ ಮೇಲೆ ಪ್ರಾಯೋಜಕರ ಹೆಸರು ದೊಡ್ಡದು, ಸೈಕಲ್ಲಿನ ಚಿತ್ರ ಚಿಕ್ಕದು. ಗಣ್ಯರು ಬರುವುದು ತಡವಾಗುತ್ತದೆ. ಬಂದವರು ಹಸಿರು ಬಾವುಟ ಬೀಸುತ್ತಾರೆ, ನೂರು ಮೀಟರು ಸೈಕಲ್ ತುಳಿದು ಇಳಿಯುತ್ತಾರೆ. ನಾನು ಹೋಗಿದ್ದ ಒಂದರಲ್ಲಿ ಮೈಕಿನವನು ಹತ್ತು ಸಲವಾದರೂ ಕೂಗಿದ: ಇದು ರೇಸಲ್ಲ, ಯಾರೂ ಯಾರನ್ನೂ ಹಿಂದೆ ಹಾಕಬೇಡಿ. ಅಷ್ಟು ಜನ ಸೈಕಲ್ ಹತ್ತಿ ನಿಂತಿದ್ದಾಗ ಯಾರೂ ಮುಂದೆ ಹೋಗಬೇಡಿ ಎನ್ನುವುದು ಊಟಕ್ಕೆ ಕೂರಿಸಿ ಎಲೆ ಮುಟ್ಟಬೇಡಿ ಎಂದ ಹಾಗೆ. ಕೊನೆಯಲ್ಲಿ ಮುಗಿಸಿದವರಿಗೂ ಮುಗಿಸದವರಿಗೂ ಒಂದೇ ತಗಡಿನ ಪದಕ, ಒಂದು ಬಾಳೆಹಣ್ಣು, ಫೋಟೋ ತೆಗೆಸಿಕೊಳ್ಳಲು ಒಂದು ಫ್ಲೆಕ್ಸು.

ಆರೋಗ್ಯಕ್ಕೆ ಒಳ್ಳೆಯದಲ್ಲವೇ ಎಂದು ಕೇಳುವಿರಿ. ಒಳ್ಳೆಯದೇ. ಮಕ್ಕಳು ಬರುತ್ತಾರೆ, ಅಜ್ಜಂದಿರು ಬರುತ್ತಾರೆ, ವರ್ಷಕ್ಕೊಮ್ಮೆ ಸೈಕಲ್ಲಿನ ದೂಳು ಒರೆಸುತ್ತಾರೆ. ನನ್ನ ಸಿಟ್ಟಿರುವುದು ಅದರ ಲೆಕ್ಕಾಚಾರದ ಮೇಲೆ. ಸೈಕ್ಲೋಥಾನಿನಲ್ಲಿ ಯಾರೂ ಸೋಲುವುದಿಲ್ಲ, ಹಾಗಾಗಿ ಯಾರೂ ದೂರು ಕೊಡುವುದಿಲ್ಲ. ಸಮಯ ಅಳೆಯುವ ಯಂತ್ರ ಬೇಡ, ತೀರ್ಪುಗಾರರು ಬೇಡ, ಮುಂದಿನ ವರ್ಷ ಮತ್ತೆ ಮಾಡುತ್ತೇವೆಂಬ ಮಾತೂ ಬೇಡ. ಆಡಳಿತಕ್ಕೆ ಇದಕ್ಕಿಂತ ಅಗ್ಗದ ಕ್ರೀಡೆ ಸಿಗಲಿಕ್ಕಿಲ್ಲ. ಸೈಕಲ್ಲಿಗೆ ಏನು ಮಾಡಿದಿರಿ ಎಂದು ಯಾರಾದರೂ ಕೇಳಿದರೆ ತೋರಿಸಲು ಫೋಟೋ ಇರುತ್ತದೆ.

ಈ ದೇಶದಲ್ಲಿ ಸೈಕಲ್ ಸವಾರರದು ಎರಡು ಕುಲ. ಒಂದು ಗಚ್ಚಿಬೌಲಿಯದು, ವೈಟ್‌ಫೀಲ್ಡಿನದು, ಪುಣೆಯದು. ಸಾಫ್ಟ್‌ವೇರಿನವರು, ವೈದ್ಯರು, ಬ್ಯಾಂಕಿನವರು. ಕಾರ್ಬನ್ ಫ್ರೇಮು, ಕಾಲಿನ ಬಲ ಅಳೆಯುವ ಮೀಟರು, ಮನೆಯೊಳಗೆ ಪರದೆಯ ಮುಂದೆ ತುಳಿಯಲು ಟ್ರೇನರು. ಇವರಿಗೆ ಸಾಮಾನಿನ ಕೊರತೆಯಿಲ್ಲ, ಪುಸ್ತಕದ ಜ್ಞಾನಕ್ಕಂತೂ ಇಲ್ಲವೇ ಇಲ್ಲ. ರೇಸು ಮಾತ್ರ ಇಲ್ಲ. ತಮ್ಮ ಸಮಯವನ್ನು ಫೋನಿನಲ್ಲಿ ಬೇರೆಯವರ ಸಮಯಕ್ಕೆ ಹೋಲಿಸಿಕೊಂಡು ತೃಪ್ತರಾಗುತ್ತಾರೆ. 

ಇನ್ನೊಂದು ಕುಲ ವಿಜಯಪುರ, ಬಾಗಲಕೋಟೆಗಳ ಕ್ರೀಡಾನಿಲಯಗಳದು, ರಾಮದುರ್ಗ ತಾಲ್ಲೂಕಿನ ಚಂದರಗಿಯ ಕ್ರೀಡಾಶಾಲೆಯದು. ಹೊಲದ ಮನೆಯ ಮಕ್ಕಳು. ಹತ್ತು ಹನ್ನೆರಡು ವರ್ಷಕ್ಕೆ ಆಯ್ಕೆಯಾಗಿ ಬಂದು ಬೆಳಗ್ಗೆ ನಾಲ್ಕೂವರೆಗೆ ಎದ್ದು ಹೆದ್ದಾರಿಗೆ ಇಳಿಯುತ್ತಾರೆ. ವಿಜಯಪುರದ ವೆಲೊಡ್ರೋಮಿಗಾಗಿ ಎಷ್ಟೋ ತಂಡಗಳ ಮಕ್ಕಳು ಕಾದು ಕಾದು ವಯಸ್ಸು ಮೀರಿ ಹೊರಗೆ ಹೋದರು. ಈ ಮಕ್ಕಳಿಗೆ ಸೈಕಲ್ಲು ಹವ್ಯಾಸವಲ್ಲ. ರಾಷ್ಟ್ರೀಯ ಮಟ್ಟದಲ್ಲಿ ಪದಕ ಬಂದರೆ ಕ್ರೀಡಾ ಕೋಟಾದಲ್ಲಿ ರೈಲ್ವೆ, ಇಲ್ಲವೇ ಸೇನೆ. ಬರದಿದ್ದರೆ ಮತ್ತೆ ಹೊಲ.

ಹೈದರಾಬಾದಿನ ಒಂದು ಸೈಕಲ್ ಅಂಗಡಿಯಲ್ಲಿ ನನಗೆ ಪರಿಚಯವಾದ ಹುಡುಗ ಈ ಎರಡನೆಯ ಕುಲದವನು. ಬಾಗಲಕೋಟೆ ಕಡೆಯವನು, ಇಪ್ಪತ್ತಮೂರೋ ನಾಲ್ಕೋ ವಯಸ್ಸು. ಗೇರು ಕೂಡಿಸುವ ಕೈ ನೋಡಿದರೇ ತಿಳಿಯುತ್ತಿತ್ತು, ಇವನು ಅಂಗಡಿಯಲ್ಲಿ ಕಲಿತವನಲ್ಲ ಎಂದು. ಕನ್ನಡದಲ್ಲಿ ಮಾತಾಡಿಸಿದೆ. ಜೂನಿಯರ್ ಮಟ್ಟದಲ್ಲಿ ರಾಜ್ಯಕ್ಕೆ ಓಡಿದ್ದನಂತೆ. ಪದಕಕ್ಕೆ ಒಂದು ಸ್ಥಾನ ಕಡಿಮೆ ಬಿತ್ತು. ತಾನು ರಿಪೇರಿ ಮಾಡುವ ಸೈಕಲ್ಲುಗಳ ಬೆಲೆ ಹೇಳಿ ನಕ್ಕ. ಆಮೇಲೆ ಕೇಳಿದ: “ಸರ್ರ, ಈ ಊರಾಗ ರೇಸ್ ಎಲ್ಲಿ ಆಗ್ತಾವ್ರಿ? ಎಂಟ್ರಿ ಫೀ ಕೊಟ್ಟರ ನಮ್ಮಂಥವ್ರನ್ನ ಬಿಡ್ತಾರೇನ್ರಿ?” ನನ್ನ ಹತ್ತಿರ ಹೇಳಲು ಒಂದು ಸೈಕ್ಲೋಥಾನಿನ ಹೆಸರಿತ್ತು. ಹೇಳಲಿಲ್ಲ.

ಅವನ ಸೈಕಲ್ಲು ತುಳಿಯುವ ಬಲ ಎಲ್ಲಿಗೂ ಹೋಗಿಲ್ಲ. ಜೂನಿಯರ್ ವಯಸ್ಸು ಮುಗಿದ ಮೇಲೆ, ನೌಕರಿ ಸಿಗದ ಮೇಲೆ, ಇಂಥವನು ಸ್ಪರ್ಧಿಸಲು ಒಂದು ಗೆರೆಯನ್ನು ನಾವು ಎಲ್ಲಿಯೂ ಎಳೆದಿಲ್ಲ. ಅವನ ಅಂಗಡಿಗೆ ಬರುವ ಗಿರಾಕಿಗೂ ಆ ಗೆರೆ ಇಲ್ಲ. ಮುಕ್ತ ರೇಸು ಸಿರಿವಂತರ ಶೋಕಿ ಎನ್ನುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಗಿರಾಕಿಗೆ ರೇಸು ಇಲ್ಲದಿದ್ದರೆ ನಷ್ಟ ಒಂದು ಭಾನುವಾರದ ಖುಷಿ. ಈ ಹುಡುಗನಿಗೆ ನಷ್ಟವಾದದ್ದು ಹತ್ತು ವರ್ಷದ ದುಡಿಮೆ.

ರಸ್ತೆ ರೇಸನ್ನು ಒಬ್ಬನೇ ಅಭ್ಯಾಸ ಮಾಡಿ ಕಲಿಯಲಾಗುವುದಿಲ್ಲ ಎಂಬುದನ್ನು ಈ ಆಟ ನೋಡಿರದವರಿಗೆ ಬಿಡಿಸಿ ಹೇಳಬೇಕು. ಗಂಟೆಗೆ ನಲವತ್ತು ಕಿಲೋಮೀಟರ್ ವೇಗದಲ್ಲಿ ಸವಾರನ ಶಕ್ತಿಯ ಬಹುಪಾಲು ಖರ್ಚಾಗುವುದು ಗಾಳಿಯನ್ನು ಸೀಳಲು. ಮುಂದಿನವನ ಚಕ್ರಕ್ಕೆ ಒಂದು ಅಡಿ ಅಂತರದಲ್ಲಿ ಅಂಟಿಕೊಂಡು ಹೋದರೆ ಮೂರರಲ್ಲಿ ಒಂದು ಪಾಲಿನಷ್ಟು ಶ್ರಮ ಉಳಿಯುತ್ತದೆ. ಹಾಗಾಗಿ ರೇಸು ಗುಂಪಿನಲ್ಲೇ ನಡೆಯುತ್ತದೆ. ಅಡ್ಡಗಾಳಿ ಬಂದಾಗ ಗುಂಪು ರಸ್ತೆಯ ಅಗಲಕ್ಕೆ ಓರೆಯಾಗಿ ಹರಡಿಕೊಳ್ಳುತ್ತದೆ. ಆ ಓರೆಯಲ್ಲಿ ಜಾಗ ಸಿಗದವನು ಎಷ್ಟು ಬಲಶಾಲಿಯಾದರೂ ಐದು ನಿಮಿಷದಲ್ಲಿ ಹಿಂದೆ ಬೀಳುತ್ತಾನೆ. ತಿರುವಿಗೆ ಮುಂಚೆ ಎಲ್ಲಿರಬೇಕು, ಯಾರ ಬೆನ್ನು ಹಿಡಿಯಬೇಕು, ಓಡಿಹೋದವನನ್ನು ಬೆನ್ನಟ್ಟಬೇಕೋ ಬಿಡಬೇಕೋ, ಎಂಬತ್ತು ಜನ ಭುಜಕ್ಕೆ ಭುಜ ತಾಗಿಸಿ ಹೋಗುವಾಗ ನೀರಿನ ಬಾಟಲಿಗೆ ಕೈ ಹಾಕುವುದು ಹೇಗೆ, ಇವೆಲ್ಲ ರೇಸಿನಲ್ಲಿ ಮಾತ್ರ ಬರುವ ವಿದ್ಯೆ. ದಡದಲ್ಲಿ ನಿಂತು ಈಜು ಕಲಿತವರಿಲ್ಲ. ಪರದೆಯ ಮುಂದೆ ತುಳಿದವನ ಕಾಲಿಗೆ ಬಲ ಬರುತ್ತದೆ, ಭುಜಕ್ಕೆ ಧೈರ್ಯ ಬರುವುದಿಲ್ಲ.

ಬೆಂಗಳೂರಿನ ನವೀನ್ ಜಾನ್ ಅವರ ಕಥೆ ನೋಡಿ. 2016ರಲ್ಲಿ ದೋಹಾದ ವಿಶ್ವ ಚಾಂಪಿಯನ್‌ಷಿಪ್ಪಿಗೆ ಹೋದ ಸವಾರ, ರಾಷ್ಟ್ರೀಯ ಟೈಮ್ ಟ್ರಯಲ್ ಚಾಂಪಿಯನ್. ಅವರು ರೇಸು ಶುರು ಮಾಡಿದ್ದು ಎಂಜಿನಿಯರಿಂಗ್ ಓದಲು ಅಮೆರಿಕಕ್ಕೆ ಹೋದಾಗ, ಅಲ್ಲಿನ ಕಾಲೇಜು ಸ್ಪರ್ಧೆಗಳಲ್ಲಿ. ಪಳಗಿದ್ದು ಬೆಲ್ಜಿಯಮ್ಮಿನ ಹಳ್ಳಿ ರೇಸುಗಳಲ್ಲಿ. ಹೆಸರು ಮಾಡಿದ ಟೈಮ್ ಟ್ರಯಲ್ ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡುವ ಸ್ಪರ್ಧೆ. ಗುಂಪು ಇಲ್ಲದ ದೇಶದಿಂದ ಬಂದವನಿಗೆ ಗುಂಪು ಬೇಡದ ಸ್ಪರ್ಧೆಯೇ ಒಲಿದದ್ದು ಕಾಕತಾಳೀಯ ಎಂದು ನನಗನಿಸುವುದಿಲ್ಲ. ಇನ್ನೊಂದು ಕಡೆ, 2010ರ ಕಾಮನ್‌ವೆಲ್ತ್ ಕೂಟಕ್ಕೆಂದು ದೆಹಲಿಯಲ್ಲಿ ಕಟ್ಟಿದ ವೆಲೊಡ್ರೋಮಿನಲ್ಲಿ ಮಕ್ಕಳು ದಿನವೂ ಒಬ್ಬರ ಮೇಲೊಬ್ಬರು ಬಿದ್ದು ಓಡಿದರು. ಅಲ್ಲಿಂದ 2019ರಲ್ಲಿ ಎಸೋ ಆಲ್ಬನ್, ರೊನಾಲ್ಡೊ ಸಿಂಗ್, ರೋಜಿತ್ ಸಿಂಗ್ ಜೂನಿಯರ್ ವಿಶ್ವ ಚಾಂಪಿಯನ್‌ಷಿಪ್ಪಿನ ಟೀಮ್ ಸ್ಪ್ರಿಂಟಿನಲ್ಲಿ ಚಿನ್ನ ತಂದರು. ನಮ್ಮವರ ರಕ್ತದಲ್ಲೇ ಇಲ್ಲ ಎಂದು ಗೊಣಗುವವರಿಗೆ ಇಷ್ಟು ಉತ್ತರ ಸಾಕು. ಟ್ರ್ಯಾಕಿನಲ್ಲಿ ಇದ್ದದ್ದು ರಸ್ತೆಯಲ್ಲಿ ಇಲ್ಲ, ಅಷ್ಟೆ.

ಬೆಲ್ಜಿಯಮ್ಮಿನ ಹಳ್ಳಿ ರೇಸು ಅಂದೆನಲ್ಲ, ಅದನ್ನು ಅಲ್ಲಿ ಕೆರ್ಮೆಸ್ ಎನ್ನುತ್ತಾರೆ. ಕೆರ್ಮೆಸ್ ಅಂದರೆ ಜಾತ್ರೆ. ಊರ ಚರ್ಚಿನ ಜಾತ್ರೆಯ ದಿನ ಊರ ಸುತ್ತ ಏಳೆಂಟು ಕಿಲೋಮೀಟರಿನ ಸುತ್ತು ಹಾಕಿ ನೂರಾರು ಜನ ರೇಸು ಓಡುತ್ತಾರೆ. ಸಂಜೆ ಬಿಯರು, ಬಹುಮಾನ, ಜಗಳ. ಸೈಕಲ್ ಲೋಕದ ಅತಿರಥರನ್ನು ಹೆತ್ತದ್ದು ಈ ಜಾತ್ರೆಗಳು. ಓದುತ್ತಿರುವ ಉತ್ತರ ಕರ್ನಾಟಕದವರಿಗೆ ಇಷ್ಟರಲ್ಲಿ ನಗು ಬಂದಿರಬೇಕು. ನಮ್ಮಲ್ಲಿ ಇಲ್ಲವೇ? ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಜಾತ್ರೆಗಳಲ್ಲಿ ಎತ್ತಿನ ಬಂಡಿ ಶರ್ಯತ್ತಿನ ಜೊತೆಗೆ ಸೈಕಲ್ ಶರ್ಯತ್ತೂ ಇರುತ್ತದೆ. ಯಾರು ಬೇಕಾದರೂ ಬರಬಹುದು. ಬಹುಮಾನ ಕೊಟ್ಟವರ ಹೆಸರು ಕರಪತ್ರದಲ್ಲಿ ಅಚ್ಚಾಗುತ್ತದೆ, ಊರಿನವರು ರಸ್ತೆಯ ಎರಡೂ ಬದಿಗೆ ನಿಂತು ಕೇಕೆ ಹಾಕುತ್ತಾರೆ. ಯಾರೂ ಲೈಸೆನ್ಸ್ ಕೇಳುವುದಿಲ್ಲ. ಹಳ್ಳಿಯ ಜಾತ್ರಾ ಕಮಿಟಿಗೆ ಮಾಡಲು ಬರುವ ಕೆಲಸ ಒಂದು ಮಹಾನಗರಕ್ಕೆ ಬರುವುದಿಲ್ಲ ಎಂದರೆ ನಾನು ನಂಬಲಾರೆ.

ಇಲ್ಲಿ ಕಾನೂನಿನ ಒಂದು ತೊಡಕಿದೆ. ಅದನ್ನು ಬಚ್ಚಿಟ್ಟು ವಾದಿಸಿದರೆ ಫೆಡರೇಷನ್ನಿನವರು ನನ್ನನ್ನು ಸುಲಭವಾಗಿ ತಳ್ಳಿಹಾಕುತ್ತಾರೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮ 1.2.019ರ ಪ್ರಕಾರ, ಲೈಸೆನ್ಸ್ ಪಡೆದ ಸವಾರ ರಾಷ್ಟ್ರೀಯ ಫೆಡರೇಷನ್ನಿನ ಮಾನ್ಯತೆಯಿಲ್ಲದ ಸ್ಪರ್ಧೆಯಲ್ಲಿ ಓಡುವಂತಿಲ್ಲ. ಓಡಿದರೆ ಒಂದು ತಿಂಗಳ ಅಮಾನತು, ಮೇಲೆ ದಂಡ. ನೌಕರಿಯ ಆಸೆಯಲ್ಲಿರುವ ಹುಡುಗನಿಗೆ ಆ ಒಂದು ತಿಂಗಳಲ್ಲೇ ರಾಷ್ಟ್ರೀಯ ಆಯ್ಕೆ ಬಂದರೆ ಮುಗಿಯಿತು. ಹೀಗಾಗಿ ಜಾತ್ರೆಯಲ್ಲಿ ಗೆಲ್ಲಬಲ್ಲವನು ಕದ್ದು ಓಡಬೇಕು, ಕ್ಲಬ್ಬಿನ ರೇಸಿಗೆ ಬಲಶಾಲಿಗಳು ಬರುವುದೇ ಇಲ್ಲ, ಎರಡು ಕುಲಗಳ ನಡುವಿನ ಗೋಡೆ ಇನ್ನಷ್ಟು ಎತ್ತರವಾಗುತ್ತದೆ. 2013ರಲ್ಲಿ ಅಮೆರಿಕದಲ್ಲಿ ಈ ನಿಯಮವನ್ನು ಬಿಗಿಯಾಗಿ ಜಾರಿ ಮಾಡಲು ಹೊರಟಾಗ ಸವಾರರು ಎಬ್ಬಿಸಿದ ಗದ್ದಲಕ್ಕೆ ಒಕ್ಕೂಟವೇ ಒಂದು ಹೆಜ್ಜೆ ಹಿಂದಿಡಬೇಕಾಯಿತು. ಆದರೆ ಅದೇ ನಿಯಮದ ಮುಂದಿನ ಮಾತು ನೋಡಿ: ತನ್ನ ದೇಶದಲ್ಲಿ ನಡೆಯುವ ನಿರ್ದಿಷ್ಟ ಸ್ಪರ್ಧೆಗಳಿಗೆ ರಾಷ್ಟ್ರೀಯ ಫೆಡರೇಷನ್ನು ವಿನಾಯಿತಿ ಕೊಡಬಹುದು. ಗೋಡೆಗೆ ಬಾಗಿಲಿದೆ, ಕೀಲಿ ನಮ್ಮವರ ಕೈಯಲ್ಲೇ ಇದೆ. ಇನ್ನೂ ಸರಳ ದಾರಿಯೆಂದರೆ ರೇಸನ್ನು ರಾಷ್ಟ್ರೀಯ ಕ್ಯಾಲೆಂಡರಿಗೇ ಸೇರಿಸಿ, ಲೈಸೆನ್ಸ್ ಇಲ್ಲದವರಿಗೆ ಆ ದಿನದ ಮಟ್ಟಿಗೆ ಪರವಾನಗಿ ಕೊಡುವುದು. ಹಲವು ದೇಶಗಳಲ್ಲಿ ಇದು ನೋಂದಣಿ ಟೇಬಲ್ಲಿನಲ್ಲೇ ಮುಗಿಯುವ ಕೆಲಸ.

ವೃತ್ತಿಪರರೂ ಹವ್ಯಾಸಿಗಳೂ ಒಟ್ಟಿಗೆ ಓಡಿದರೆ ಅಪಾಯ, ಇದು ಎರಡನೆಯ ತಕರಾರು. ಇದರಲ್ಲಿ ನಿಜವಿದೆ. ಮ್ಯಾರಥಾನಿನಲ್ಲಿ ಎಡವಿದವನು ತಾನೊಬ್ಬನೇ ಬೀಳುತ್ತಾನೆ. ಸೈಕಲ್ ಗುಂಪಿನಲ್ಲಿ ಒಬ್ಬ ಬ್ರೇಕ್ ಒತ್ತಿದರೆ ಇಪ್ಪತ್ತು ಜನ ಮಣ್ಣು ಮುಕ್ಕುತ್ತಾರೆ. ಆದರೆ ಎಲ್ಲರನ್ನೂ ಒಂದೇ ಗುಂಪಿನಲ್ಲಿ ಬಿಡಿ ಎಂದವರು ಯಾರು? ದಿನ ಒಂದು, ರಸ್ತೆ ಒಂದು, ಗುಂಪು ನಾಲ್ಕು. ಹದಿನೈದು ನಿಮಿಷದ ಅಂತರದಲ್ಲಿ ಒಂದೊಂದೇ ಗುಂಪು ಹೊರಡುತ್ತದೆ. ಕೆಳಗಿನ ಗುಂಪಿನಲ್ಲಿ ಗೆದ್ದವನು ಮುಂದಿನ ವರ್ಷ ಮೇಲಿನದಕ್ಕೆ. ಹೆಂಗಸರಿಗೆ ಅವರದೇ ರೇಸು, ಅವರದೇ ಬಹುಮಾನ, ಗಂಡಸರಷ್ಟೇ ದುಡ್ಡು. ತೀರಾ ಹಿಂದೆ ಬಿದ್ದವರನ್ನು ಕೊನೆಯ ವ್ಯಾನು ಎತ್ತಿಕೊಂಡು ಬರುತ್ತದೆ. 

ಇದು ಕನಸಲ್ಲ ಎನ್ನಲು ಐರ್ಲೆಂಡಿನ ರಾಸ್ ಸಾಕು. 1953ರಲ್ಲಿ ಡಬ್ಲಿನ್ನಿನಿಂದ ವೆಕ್ಸ್‌ಫರ್ಡಿಗೆ ಹೋಗಿ ಬರುವ ಎರಡು ದಿನದ ರೇಸಾಗಿ ಶುರುವಾದದ್ದು ಮರುವರ್ಷವೇ ಎಂಟು ದಿನದ್ದಾಯಿತು. ಅದರ ಜೀವಾಳ ಜಿಲ್ಲಾ ತಂಡಗಳು. ಕೆರಿ, ಮೀತ್, ಟಿಪ್ಪರೇರಿ ಎಂದು ಜಿಲ್ಲೆಯ ಹೆಸರಿನ ಅಂಗಿ ತೊಟ್ಟು ಬಡಗಿಗಳು, ಮೇಷ್ಟರುಗಳು, ರೈತರು ಕೆಲಸಕ್ಕೆ ರಜೆ ಹಾಕಿ ಬರುತ್ತಿದ್ದರು. ಮುಂದೆ ಅದು ಅಂತರರಾಷ್ಟ್ರೀಯ ಕ್ಯಾಲೆಂಡರಿನ 2.2 ದರ್ಜೆಯ ರೇಸಾದ ಮೇಲೂ ಹೊರದೇಶದ ವೃತ್ತಿಪರ ತಂಡಗಳ ಪಕ್ಕದಲ್ಲೇ ಈ ಜಿಲ್ಲಾ ಸವಾರರು ಓಡಿದರು. ಅವರಿಗಾಗಿ ಪ್ರತ್ಯೇಕ ಅಂಗಿ, ಪ್ರತ್ಯೇಕ ಬಹುಮಾನ. ಪೂರ್ತಿ ಮುಗಿಸಿದವನನ್ನು ಊರಿನವರು ರಾಸಿನ ಗಂಡು ಎಂದು ಜೀವನಪೂರ್ತಿ ಕರೆಯುತ್ತಾರೆ. 1979ರಲ್ಲಿ ಈ ರೇಸು ಗೆದ್ದ ಸ್ಟೀಫನ್ ರೋಶ್ 1987ರಲ್ಲಿ ಇಟಲಿಯ ಜಿರೋ, ಟೂರ್ ದ ಫ್ರಾನ್ಸ್, ವಿಶ್ವ ಚಾಂಪಿಯನ್‌ಷಿಪ್ ಮೂರನ್ನೂ ಗೆದ್ದ. ಹಲವು ವರ್ಷ ರಾಸಿನ ಪ್ರಾಯೋಜಕತ್ವ ಹೊತ್ತದ್ದು ಅಲ್ಲಿನ ಅಂಚೆ ಸಂಸ್ಥೆ. ಅದು ಬಿಟ್ಟ ಮೇಲೆ ರೇಸು ಕುಂಟಿತು, 2019ರಲ್ಲಿ ನಿಂತೇಹೋಯಿತು, 2022ರಲ್ಲಿ ಐದು ದಿನಕ್ಕೆ ಇಳಿದು ಮತ್ತೆ ಎದ್ದಿತು. ಹಣದ ಕಷ್ಟ ಎಲ್ಲ ಕಡೆಯೂ ಇದೆ. ಜನರಿಗೆ ಬೇಕಾದದ್ದು ಬಿದ್ದರೂ ಏಳುತ್ತದೆ.

ನಮ್ಮ ಪಕ್ಕದ ಪುಣೆಯವರು 2026ರ ಜನವರಿಯಲ್ಲಿ ಇದೇ 2.2 ದರ್ಜೆಯ ರೇಸು ನಡೆಸಿದರು. ಜನವರಿ 19ರಿಂದ 23, ಒಟ್ಟು 437 ಕಿಲೋಮೀಟರ್. ಇಂಥದ್ದು ಭಾರತದಲ್ಲಿ ಮೊದಲು. ಅದಕ್ಕಾಗಿ ರಸ್ತೆಗಳಿಗೆ ಹೊಸ ಡಾಂಬರು ಬಿತ್ತು, ಘಟ್ಟದ ತಿರುವುಗಳಲ್ಲಿ ಜನ ನಿಂತು ನೋಡಿದರು. ಅವರ ಎದೆಗಾರಿಕೆಗೆ ನಾನು ಕೈ ಮುಗಿಯುತ್ತೇನೆ. ಹೊಟ್ಟೆಕಿಚ್ಚೂ ಇದೆ. ಆದರೆ ಆ ರೇಸಿಗೆ ಪ್ರವೇಶ ತಂಡಗಳಿಗೆ ಮಾತ್ರ. ಅಂಗಡಿಯ ಹುಡುಗ ಒಂಟಿಯಾಗಿ ಹೋಗಿ ಹೆಸರು ಬರೆಸಲಾರ. ಮಹಡಿ ಕಟ್ಟಿದ್ದಾರೆ, ಚೆನ್ನಾಗಿದೆ; ಅಲ್ಲಿಗೆ ಹತ್ತಲು ಮೆಟ್ಟಿಲು ಬೇಕಲ್ಲ. ಆ ಮೆಟ್ಟಿಲನ್ನು ಹೈದರಾಬಾದು ಕಟ್ಟಬಹುದು. ಬೆಂಗಳೂರಿನಿಂದ 2008ರಲ್ಲಿ ಶುರುವಾದ ಟೂರ್ ಆಫ್ ನೀಲಗಿರೀಸ್ ಪ್ರವಾಸದ ನಡುವೆಯೇ ಕೆಲವು ತುಂಡುಗಳಲ್ಲಿ ಸಮಯ ಅಳೆದು ಪೈಪೋಟಿ ಇಟ್ಟಿತು. ಅದೂ ಒಂದು ಮೆಟ್ಟಿಲೇ, ಒಂದೇ ಮೆಟ್ಟಿಲು.

ಇನ್ನು ಮೂರನೆಯ ತಕರಾರು. ಎಲ್ಲ ಪೊಲೀಸ್ ಠಾಣೆಗಳಲ್ಲೂ ಸಿಗುವ ಸಿದ್ಧ ಉತ್ತರ: ರಸ್ತೆ ಮುಚ್ಚಲಾಗುವುದಿಲ್ಲ, ಸಾರ್ವಜನಿಕರಿಗೆ ತೊಂದರೆ.

ಇದನ್ನು ಹೈದರಾಬಾದು ಹೇಳಬಾರದು. ಬೇರೆ ಊರು ಹೇಳಿದರೆ ಕೇಳಿಕೊಳ್ಳಬಹುದು. 2023ರ ಫೆಬ್ರುವರಿ 11ರಂದು ಈ ನಗರ ಹುಸೇನ್ ಸಾಗರದ ದಡದಲ್ಲಿ, ಹೊಸ ಸಚಿವಾಲಯದ ಮಗ್ಗುಲಲ್ಲಿ, ಎರಡು ಮುಕ್ಕಾಲು ಕಿಲೋಮೀಟರಿಗಿಂತ ತುಸು ಹೆಚ್ಚಿನ ಸುತ್ತಿನಲ್ಲಿ ಫಾರ್ಮುಲಾ ಇ ಕಾರುಗಳ ರೇಸು ನಡೆಸಿತು. ಊರಿನ ಎದೆಯ ಮೇಲಿನ ರಸ್ತೆಗಳನ್ನು ದಿನಗಟ್ಟಲೆ ಮುಚ್ಚಿದರು. ಕಾಂಕ್ರೀಟ್ ತಡೆಗೋಡೆ, ತಂತಿ ಬೇಲಿ, ಗ್ಯಾಲರಿ. ಜನ ಬೈದುಕೊಂಡು ಸುತ್ತು ಹಾಕಿ ಕಚೇರಿಗೆ ಹೋದರು. ಎರಡನೆಯ ವರ್ಷದ ರೇಸು 2024ರ ಜನವರಿಯಲ್ಲಿ ರದ್ದಾಯಿತು. ಅದಕ್ಕೆಂದು ಪಾವತಿಯಾದ ಸುಮಾರು 55 ಕೋಟಿ ರೂಪಾಯಿಯ ಬಗ್ಗೆ ಆ ವರ್ಷದ ಡಿಸೆಂಬರಿನಲ್ಲಿ ಭ್ರಷ್ಟಾಚಾರ ನಿಗ್ರಹ ದಳ ಪ್ರಕರಣ ದಾಖಲಿಸಿತು. ಸರಿ ತಪ್ಪು ನ್ಯಾಯಾಲಯ ನೋಡಿಕೊಳ್ಳಲಿ. ನನ್ನ ಪ್ರಶ್ನೆ ಚಿಕ್ಕದು. ಈ ಊರಿನ ಒಬ್ಬ ನಿವಾಸಿಯೂ ಸ್ಪರ್ಧಿಸಲಾಗದ ರೇಸಿಗೆ ಊರು ಮುಚ್ಚಬಹುದಾದರೆ, ಯಾರು ಬೇಕಾದರೂ ಸ್ಪರ್ಧಿಸಬಹುದಾದ ರೇಸಿಗೆ ಊರ ಹೊರಗಿನ ಹೆದ್ದಾರಿಯ ಒಂದು ಬದಿಯನ್ನು ಅರ್ಧ ದಿನ ಮುಚ್ಚಲಾಗದೇ?

ಆಗಸ್ಟಿನಲ್ಲಿ ಹೈದರಾಬಾದ್ ಮ್ಯಾರಥಾನ್ ನೆಕ್ಲೆಸ್ ರಸ್ತೆಯಿಂದ ಗಚ್ಚಿಬೌಲಿ ಕ್ರೀಡಾಂಗಣದವರೆಗೆ ಓಡುತ್ತದೆ. ಅದಕ್ಕೆ ರಸ್ತೆ ಸಿಗುತ್ತದೆ. ಅದರಲ್ಲಿ ಇಥಿಯೋಪಿಯಾದ ಓಟಗಾರನೂ ಓಡಬಹುದು, ಕುಕಟಪಲ್ಲಿಯ ಗೃಹಿಣಿಯೂ ಓಡಬಹುದು, ಇಬ್ಬರ ಸಮಯವೂ ಸೆಕೆಂಡಿಗೆ ಸರಿಯಾಗಿ ದಾಖಲಾಗುತ್ತದೆ. ಅಲ್ಲಿ ಯಾರೂ ಮೈಕಿನಲ್ಲಿ ಹಿಂದೆ ಹಾಕಬೇಡಿ ಎಂದು ಕೂಗುವುದಿಲ್ಲ. ಗಣೇಶ ವಿಸರ್ಜನೆಯ ದಿನ ಈ ಪೊಲೀಸರು ಮಾಡುವ ವ್ಯವಸ್ಥೆ ಕಂಡವರು ಇವರಿಗೆ ನೂರು ಸೈಕಲ್ಲು ದಾಟಿಸಲು ಬರುವುದಿಲ್ಲ ಎಂದು ಹೇಳಲಾರರು.

ಎಷ್ಟು ಹೊತ್ತು ಮುಚ್ಚಬೇಕು ಎಂಬುದನ್ನೂ ಲೆಕ್ಕ ಹಾಕೋಣ. ಮುಂದಿನ ಗುಂಪು ಗಂಟೆಗೆ 40 ಕಿಲೋಮೀಟರ್, ಕೊನೆಯ ವ್ಯಾನು 28. ಐವತ್ತನೆಯ ಕಿಲೋಮೀಟರಿನ ಊರಿನಲ್ಲಿ ಇವರಿಬ್ಬರ ನಡುವೆ ಅರ್ಧ ಗಂಟೆ ಚಿಲ್ಲರೆ. ಗುಂಪುಗಳನ್ನು ಬೇರೆ ಬೇರೆ ಬಿಟ್ಟದ್ದಕ್ಕೆ ಇನ್ನು ಮುಕ್ಕಾಲು ಗಂಟೆ ಸೇರಿಸಿ. ಭಾನುವಾರ ಬೆಳಗ್ಗೆ ಒಂದು ಊರಿನ ಮುಂದೆ ಹೆಚ್ಚೆಂದರೆ ಒಂದೂವರೆ ಗಂಟೆ. ಮಂತ್ರಿಗಳ ವಾಹನಸಾಲಿಗೆ ಕಾದ ಹೊತ್ತನ್ನು ಯಾರಾದರೂ ವರ್ಷಪೂರ್ತಿ ಕೂಡಿಸಿ ನೋಡಲಿ.

ರಸ್ತೆ ಯಾವುದೆಂದು ನಾನು ಮೊದಲೇ ಹೇಳಿಬಿಟ್ಟಿದ್ದೇನೆ. ಬಿಜಾಪುರ ರೋಡು. ಪೊಲೀಸ್ ಅಕಾಡೆಮಿಯಿಂದ ಮೊಯಿನಾಬಾದ್, ಚೇವೆಳ್ಳ, ಮನ್ನೆಗುಡ. ಈ 46 ಕಿಲೋಮೀಟರಿನ ಇಕ್ಕೆಲದಲ್ಲಿ ಒಂಬೈನೂರಕ್ಕೂ ಹೆಚ್ಚು ಆಲದ ಮರಗಳಿವೆ. ರಸ್ತೆ ಅಗಲವಾಗುವಾಗ ಅವನ್ನು ಉಳಿಸಿಕೊಳ್ಳಲು ಜನ ಹಸಿರು ನ್ಯಾಯಮಂಡಳಿಯಲ್ಲಿ ವರ್ಷಗಟ್ಟಲೆ ಬಡಿದಾಡಿದರು. ಇದು ಕೊಲೆಗಡುಕ ರಸ್ತೆಯೂ ಹೌದು. 2025ರ ನವೆಂಬರ್ 3ರಂದು ಚೇವೆಳ್ಳದ ಬಳಿ ಜಲ್ಲಿ ತುಂಬಿದ ಟಿಪ್ಪರು ಸರ್ಕಾರಿ ಬಸ್ಸಿಗೆ ಗುದ್ದಿ ಇಪ್ಪತ್ತರ ಹತ್ತಿರ ಜನ ಸತ್ತರು. ಇಂಥ ರಸ್ತೆಯಲ್ಲಿ ಸೈಕಲ್ ರೇಸೇ ಎಂದು ನೀವು ಕೇಳಬಹುದು. ಸವಾರರು ಈಗಲೂ ಅಭ್ಯಾಸಕ್ಕೆ ಇಂಥ ರಸ್ತೆಗಳಿಗೇ ಇಳಿಯುತ್ತಾರೆ, ಟಿಪ್ಪರುಗಳ ನಡುವೆ, ಒಬ್ಬೊಬ್ಬರೇ, ಕತ್ತಲಲ್ಲಿ. ಟಿಪ್ಪರುಗಳಿಲ್ಲದ ಒಂದು ಬೆಳಗ್ಗೆಯನ್ನು ನಾನು ಕೇಳುತ್ತಿದ್ದೇನೆ. ನಾಲ್ಕು ಪಥ ಆದ ಮೇಲೆ ಕೆಲಸ ಇನ್ನೂ ಹಗುರ: ಒಂದು ಬದಿ ರೇಸಿಗೆ, ಇನ್ನೊಂದು ಬದಿಯಲ್ಲಿ ಎದುರುಬದುರು ಸಂಚಾರ.

ಮನ್ನೆಗುಡದಿಂದ ಒಂದು ದಾರಿ ವಿಕಾರಾಬಾದಿಗೆ, ಮೂಸಿ ನದಿ ಹುಟ್ಟುವ ಅನಂತಗಿರಿ ಬೆಟ್ಟಕ್ಕೆ ಹೋಗುತ್ತದೆ. ಹೆದ್ದಾರಿ ನೇರ ಪರಿಗಿ ದಾಟಿ ಕೊಡಂಗಲ್ಲಿಗೆ. ಮುಕ್ತಾಯದ ಗೆರೆ ಕೊಡಂಗಲ್ಲಿನಲ್ಲಿ ಎಳೆಯಿರಿ ಎನ್ನುತ್ತೇನೆ. ನೂರು ಕಿಲೋಮೀಟರಿನ ಮೇಲೆ ಸ್ವಲ್ಪ, ಒಂದು ದಿನದ ರೇಸಿಗೆ ಹದವಾದ ದೂರ. ಬಯಲುಸೀಮೆಯ ಬೋಳು ದಿಬ್ಬಗಳು, ತಡೆಯಿಲ್ಲದ ಗಾಳಿ, ಗುಂಪು ಚೂರಾಗಲು ಬೇಕಾದದ್ದೆಲ್ಲ ಇದೆ. 1956ರವರೆಗೆ ಈ ಕೊಡಂಗಲ್ ಗುಲ್ಬರ್ಗ ಜಿಲ್ಲೆಯ ತಾಲ್ಲೂಕಾಗಿತ್ತು, ಇವತ್ತಿಗೂ ಅಲ್ಲಿ ಕನ್ನಡ ಕೇಳುತ್ತದೆ. ಇನ್ನೊಂದು ಅನುಕೂಲ: ಈಗಿನ ತೆಲಂಗಾಣ ಮುಖ್ಯಮಂತ್ರಿ ರೇವಂತ್ ರೆಡ್ಡಿಯವರ ಕ್ಷೇತ್ರವೂ ಅದೇ. ಬಾವುಟ ಬೀಸುವ ಆಸೆಯಿದ್ದರೆ ಬೀಸಲಿ, ಬೇಡ ಎಂದವರಾರು? ಸರಿಯಾದ ಹೊತ್ತಿಗೆ ಬೀಸಿದರೆ ಆಯಿತು.

ಬಹುಮಾನದಲ್ಲಿ ದೊಡ್ಡ ಪಾಲು ಗೆದ್ದವನಿಗೆ ಹೋಗಲಿ. ಆದರೆ ಯಾವ ತಂಡಕ್ಕೂ ಸೇರದ, ಯಾವ ಇಲಾಖೆಯ ಸಂಬಳವೂ ಇಲ್ಲದ ಸವಾರರಲ್ಲಿ ಮೊದಲು ಬಂದವನಿಗೆ ಒಂದು ಪ್ರತ್ಯೇಕ ಅಂಗಿ ಇರಲಿ, ಅದರ ಜೊತೆಗೆ ಮುಂದಿನ ಪುಣೆಯ ರೇಸಿಗೆ ಒಂದು ತಂಡದಲ್ಲಿ ಜಾಗ. ರಾಯಚೂರು, ಬೀದರ, ಕಲಬುರಗಿಯವರಿಗೆ ಹೈದರಾಬಾದು ಬೆಂಗಳೂರಿಗಿಂತ ಹತ್ತಿರ. ವಿಜಯಪುರದವರು ರಾತ್ರಿ ಬಸ್ಸು ಹತ್ತಿದರೆ ಬೆಳಗ್ಗೆ ಇಲ್ಲಿರುತ್ತಾರೆ. ಹಿಂದಿನ ರಾತ್ರಿ ಮಲಗಲು ಒಂದು ಶಾಲೆಯ ಕೋಣೆ, ಬೆಳಗ್ಗೆ ಉಪ್ಪಿಟ್ಟು, ಪ್ರವೇಶ ಶುಲ್ಕ ನಿಲಯದ ಮಕ್ಕಳಿಗೆ ಮಾಫಿ. ಟೀ ಶರ್ಟಿನ ದುಡ್ಡಿನಲ್ಲಿ ಇಷ್ಟಾಗುತ್ತದೆ. ಡಿಸೆಂಬರಿನ ಎರಡನೆಯ ಭಾನುವಾರ, ಬೆಳಗ್ಗೆ ಆರೂವರೆ. ಹೊರಡುವ ಗೆರೆ ಪೊಲೀಸ್ ಅಕಾಡೆಮಿಯ ಗೇಟಿನ ಎದುರಿಗೇ ಬರುತ್ತದೆ; ಬಂದೋಬಸ್ತಿಗೆ ಸಿಬ್ಬಂದಿ ಇಲ್ಲ ಎಂದು ಅಲ್ಲಿ ನಿಂತು ಹೇಳುವುದು ಯಾರಿಗೂ ಸ್ವಲ್ಪ ಕಷ್ಟ.